ಕಡ್ಡಿ ಕತ್ತರಿಸಿದ ದಿನವೇ ಗೂಡಿನ ಲೆಕ್ಕ ಶುರು

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದು ಎಂಬುದು ಎಲ್ಲರಿಗೂ ಗೊತ್ತು. ಗೂಡಿನ ದರ ಏರಿದರೂ ಇಳಿದರೂ ಸುದ್ದಿಯಾಗುತ್ತದೆ. ಆದರೆ ಹರಾಜಿಗೆ ಬಂದ ಗೂಡು ಗಟ್ಟಿಯೋ ಜೊಳ್ಳೋ ಎಂಬುದರ ಅರ್ಧ ತೀರ್ಮಾನ ಎರಡೂವರೆ ಮೂರು ತಿಂಗಳ ಹಿಂದೆಯೇ ಆಗಿರುತ್ತದೆ. ಕನಕಪುರದಲ್ಲೋ ಮಾಗಡಿಯಲ್ಲೋ ರೈತರು ಹಿಪ್ಪುನೇರಳೆ ಗಿಡದ ಮುಂದೆ ಬಗ್ಗಿ ಕಡ್ಡಿ ಕತ್ತರಿಸಿದ ದಿನ ಅದು.

ಸವರುವಿಕೆ ಎಂದರೆ ದ್ರಾಕ್ಷಿ ನೆನಪಾಗುವುದು ಸಹಜ. ವಿಜಯಪುರದ ಕಡೆ ಅದನ್ನು ಚಾಟ್ನಿ ಎನ್ನುತ್ತಾರೆ. ಏಪ್ರಿಲ್ ಚಾಟ್ನಿ ಕಡ್ಡಿ ಬೆಳೆಸಲು, ಅಕ್ಟೋಬರ್ ಚಾಟ್ನಿ ಹಣ್ಣಿಗೆ. ಹಿಪ್ಪುನೇರಳೆಯಲ್ಲಿ ಹಣ್ಣಿನ ಆಸೆಯಿಲ್ಲ, ಬೇಕಾದದ್ದು ಸೊಪ್ಪು. ಆದರೂ ಎರಡರ ಒಳಗುಟ್ಟು ಒಂದೇ: ಹಳೆಯ ಕಡ್ಡಿ ತೆಗೆದರೆ ಮಲಗಿದ್ದ ಕಣ್ಣು ಏಳುತ್ತದೆ, ಬೇರು ಕೂಡಿಟ್ಟ ಸಾರ ಹೊಸ ಚಿಗುರಿಗೆ ಹರಿಯುತ್ತದೆ. ನೀರಾವರಿ ತೋಟದಲ್ಲಿ ಸುಮಾರು 70 ದಿನಕ್ಕೊಮ್ಮೆ, ವರ್ಷಕ್ಕೆ ಐದು ಸಲ ಈ ಕೆಲಸ ನಡೆಯುತ್ತದೆ. ಮಳೆಯನ್ನೇ ನಂಬಿದ ತೋಟದಲ್ಲಿ ಮುಂಗಾರಿನ ಹೊತ್ತಿಗೆ ಒಮ್ಮೆ ಬುಡ ಸವರಿ, ಉಳಿದ ದಿನ ಎಲೆ ಬಿಡಿಸಿಕೊಳ್ಳುವುದು ಹಳೆಯ ರೂಢಿ.

ದಿನದ ಲೆಕ್ಕ ಹುಳುವಿಗಾಗಿ. ಹುಳು ಮೊಟ್ಟೆಯೊಡೆದು ನಾಲ್ಕು ಜ್ವರ (ಪೊರೆ ಕಳಚುವ ಹಂತ) ದಾಟಿ ಗೂಡು ಕಟ್ಟುವಷ್ಟು ಹಣ್ಣಾಗಲು ಸುಮಾರು 25 ದಿನ ಬೇಕು. ಚಾಕಿ (ಮರಿ) ಹುಳುವಿಗೆ ಎಳೆ ಸೊಪ್ಪು ಬೇಕು, ದೊಡ್ಡ ಹುಳುವಿಗೆ ಬಲಿತದ್ದು. ಹುಳು ತಿನ್ನುವ ಒಟ್ಟು ಸೊಪ್ಪಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲು ನಾಲ್ಕನೇ ಜ್ವರ ಎದ್ದ ಮೇಲಿನ ಒಂದು ವಾರದ್ದು. ಆ ವಾರಕ್ಕೆ ಸರಿಯಾಗಿ ತೋಟ ಕೈಗೆ ಬರಬೇಕಾದರೆ, ಯಾವ ತಾಕನ್ನು ಯಾವ ದಿನ ಕತ್ತರಿಸಬೇಕೆಂದು ಹಿಂದಿನ ಬೆಳೆಯಲ್ಲೇ ಎಣಿಸಿರಬೇಕು. ಕತ್ತರಿಸುವುದು ತಡವಾದರೆ ಸೊಪ್ಪು ಬಲಿಯುವುದಿಲ್ಲ. ತೀರಾ ಬೇಗನಾದರೆ ಕೆಳಗಿನ ಎಲೆ ಹಣ್ಣಾಗಿ ಉದುರುತ್ತದೆ.

ಇನ್ನು ಕತ್ತರಿಸುವ ಬಗೆ. ಸಾಲು ಪದ್ಧತಿಯಲ್ಲಿ ನೆಲದಿಂದ ಗೇಣುದ್ದಕ್ಕಿಂತ ಎತ್ತರ ಬಿಡುವುದಿಲ್ಲ. ಮರಗಡ್ಡಿಯಲ್ಲಿ ಕಾಂಡವನ್ನು ಎತ್ತರಕ್ಕೆ ಬೆಳೆಸಿ ಅದರ ತಲೆಯ ಮೇಲೆ ಕತ್ತರಿಸುತ್ತಾರೆ. ಕಣ್ಣಿನ ಸ್ವಲ್ಪ ಮೇಲೆ, ನೀರು ನಿಲ್ಲದಂತೆ ಓರೆಯಾಗಿ, ಒಂದೇ ಪೆಟ್ಟಿಗೆ ತುಂಡಾಗಬೇಕು. ಮೊಂಡು ಕುಡುಗೋಲಿನಿಂದ ಎಳೆದರೆ ತೊಗಟೆ ಕೆಳಗಿನವರೆಗೆ ಸುಲಿದು ಬರುತ್ತದೆ. ಸುಲಿದ ಕಡೆ ಕಣ್ಣು ಸಾಯುತ್ತದೆ, ಬೊಡ್ಡೆ ಒಣಗುತ್ತದೆ, ರೋಗಕ್ಕೂ ಅದೇ ಬಾಗಿಲು. ಕೂಲಿಯಾಳು ಸಿಗದ ಅವಸರದಲ್ಲಿ ಇದು ಎಷ್ಟೋ ಕಡೆ ನಡೆಯುತ್ತಿದೆ ಎಂಬುದೇ ನನ್ನ ಬೇಸರ. ಹುಳುಮನೆಗೆ ತೋರುವ ಮಡಿಯಲ್ಲಿ ಕಾಲುಭಾಗವನ್ನಾದರೂ ಬೊಡ್ಡೆಗೆ ತೋರಿಸಬೇಕು. ಚಿಗುರು ಬಂದ ಮೇಲೆ ಬಡಕಲು ಕವಲು ಕಿತ್ತು ಗಟ್ಟಿಯಾದವನ್ನು ಉಳಿಸುವುದೂ ಸವರುವಿಕೆಯ ಭಾಗವೇ. ಸುಳಿ ಮುದುಡಿ ದಪ್ಪವಾಗುವ ತುಕ್ರಾ ಕಂಡರೆ ಆ ತುದಿಯನ್ನು ಕತ್ತರಿಸಿ ಸುಡಬೇಕು, ಬದುವಿಗೆ ಎಸೆಯಬಾರದು. ಅದು ಹಿಟ್ಟುತಿಗಣೆಯ ಕಾಟ, ಎಸೆದ ತುದಿಯಿಂದ ಮತ್ತೆ ತೋಟಕ್ಕೇ ಹರಿಯುತ್ತದೆ.

ಈ ಸೀಮೆಗೆ ಹಿಪ್ಪುನೇರಳೆಯ ನಂಟು ಹಳೆಯದು. ಮೈಸೂರು ಸೀಮೆಗೆ ರೇಷ್ಮೆ ತಂದವನು ಟಿಪ್ಪು. ಶತಮಾನದ ಹಿಂದೆ ಇಟಲಿಯ ತಜ್ಞ ವಾಷಿಂಗ್ಟನ್ ಮಾರಿಯ ನೆರವಿನಿಂದ ಮೈಸೂರು ಸರ್ಕಾರ ಚನ್ನಪಟ್ಟಣದಲ್ಲಿ ರೇಷ್ಮೆ ಫಾರಂ ತೆರೆಯಿತು. ದಶಕಗಳ ಕಾಲ ರಾಜ್ಯದ ತೋಟಗಳನ್ನಾಳಿದ ಎಂ-5 ತಳಿಗೆ ಕಣ್ವ-2 ಎಂಬ ಹೆಸರೂ ಉಂಟು. ಅದನ್ನು ಆರಿಸಿ ತೆಗೆದದ್ದು ಚನ್ನಪಟ್ಟಣ ತಾಲ್ಲೂಕಿನ ಕಣ್ವದ ಸರ್ಕಾರಿ ಫಾರಂನಲ್ಲಿ. ಆಮೇಲೆ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯ ವಿ-1 ಬಂದು ಆ ಜಾಗ ಹಿಡಿಯಿತು. ತಳಿ ಯಾವುದಾದರೂ, ಕತ್ತರಿಸಿದ ಕಡ್ಡಿಯೂ ದಂಡವಲ್ಲ. ಆರೆಂಟು ತಿಂಗಳು ಬಲಿತದ್ದರಲ್ಲಿ ಮೂರು ನಾಲ್ಕು ಕಣ್ಣಿನ ತುಂಡು ಮಾಡಿದರೆ ನರ್ಸರಿಗೆ ಬಿತ್ತನೆ. ಹುಳು ತಿಂದುಳಿಸಿದ್ದು ದನ, ಮೇಕೆ, ಒಲೆ, ಗೊಬ್ಬರದ ಗುಂಡಿಯ ಪಾಲು.

ಹೊಸದಾಗಿ ತೋಟ ಮಾಡುವವರಿಗೆ ಒಂದು ಮಾತು. ಒಳ್ಳೆಯ ಕತ್ತರಿ ಕೊಳ್ಳಿ, ಪ್ರತಿ ಕಟಾವಿಗೆ ಮುಂಚೆ ಸಾಣೆ ಹಿಡಿಸಿ. ಕಡ್ಡಿ ತೆಗೆದ ವಾರದಲ್ಲೇ ಅಗೆತ, ಗೊಬ್ಬರ, ನೀರು ಮೂರೂ ಆಗಲಿ.