ಪೆಟ್ಟಿಗೆ ಒಂದೇ, ಹಣ್ಣು ಬೇರೆ

ನವೆಂಬರ್ ಬಂತೆಂದರೆ ಅಮೆರಿಕದ ಗ್ರೋಸರಿ ಅಂಗಡಿಗಳ ಬಾಗಿಲಲ್ಲೇ ಐದು ಪೌಂಡಿನ ಕ್ಲೆಮೆಂಟೈನ್ ಪೆಟ್ಟಿಗೆಗಳು ಸಾಲಾಗಿ ಕೂತಿರುತ್ತವೆ. ಸುಲಿಯುವುದು ಸುಲಭ, ಉಗುಳಲು ಬೀಜವಿಲ್ಲ. ನನ್ನ ಮಕ್ಕಳು ಹೇಳಿಸಿಕೊಳ್ಳದೆ ತಿನ್ನುವ ಹಣ್ಣು ಇದೊಂದೇ! ಅದೇ ಮಕ್ಕಳು ಮಾರ್ಚ್‌ನಲ್ಲಿ "ಇದು ಅದಲ್ಲ" ಎಂದು ತಟ್ಟೆ ದೂಡಿದರೆ ಬೈಯಬೇಡಿ. ಅವರು ಹೇಳುವುದು ನಿಜವಿರಬಹುದು.

ನಮ್ಮ ಕೊಡಗಿನ ಕಿತ್ತಳೆ ಮ್ಯಾಂಡರಿನ್ ಜಾತಿಯದು. ಅಂಥದೇ ಒಂದು ಮ್ಯಾಂಡರಿನ್‌ಗೂ ಇಲ್ಲಿ ಜ್ಯೂಸ್ ಮಾಡುವ ದಪ್ಪ ಆರೆಂಜಿಗೂ ಹುಟ್ಟಿದ ಕೂಸು ಕ್ಲೆಮೆಂಟೈನ್. ಅಲ್ಜೀರಿಯಾದ ಮಿಸೆರ್ಗಿನ್ ಎಂಬ ಊರಿನ ಅನಾಥಾಲಯದ ತೋಟದಲ್ಲಿ ಇದನ್ನು ಗುರುತಿಸಿದವರು ಕ್ಲೆಮಾಂ ರೋಡಿಯೆ ಎಂಬ ಫ್ರೆಂಚ್ ಸನ್ಯಾಸಿ. 1902ರಲ್ಲಿ ಹಣ್ಣಿಗೆ ಅವರ ಹೆಸರೇ ಬಂತು.

ಬೀಜ ಏಕಿಲ್ಲ? ಈ ಮರದ ಪರಾಗದಿಂದ ಇದೇ ಮರದ ಹೂವು ಬೀಜ ಕಟ್ಟುವುದಿಲ್ಲ. ಜೇನುನೊಣ ಪಕ್ಕದ ತೋಟದ ಬೇರೆ ಜಾತಿಯ ಪರಾಗ ತಂದರೆ ಮುಗಿಯಿತು, ಬೀಜ ಬಂದೇ ಬರುತ್ತದೆ. ಅದಕ್ಕೇ ಕ್ಯಾಲಿಫೋರ್ನಿಯಾದ ಕೆಲವು ರೈತರು ಹೂ ಬಿಡುವ ಕಾಲದಲ್ಲಿ ಮರಗಳಿಗೆ ಬಲೆ ಹೊದಿಸುತ್ತಾರೆ. ಜೇನುನೊಣಕ್ಕೆ ಪ್ರವೇಶವಿಲ್ಲ!

ಈಗ ಮಾರ್ಚ್ ವಿಷಯ. ಕ್ಯಾಲಿಫೋರ್ನಿಯಾ ಕ್ಲೆಮೆಂಟೈನ್ ಸುಗ್ಗಿ ಹೆಚ್ಚುಕಡಿಮೆ ಜನವರಿಗೆ ಮುಗಿಯುತ್ತದೆ. ಆಮೇಲೆ ಅದೇ ಚಿತ್ರದ ಪೆಟ್ಟಿಗೆಯಲ್ಲಿ ಹೆಚ್ಚಾಗಿ ಬರುವುದು ಡಬ್ಲ್ಯು. ಮರ್ಕಾಟ್ ಎಂಬ ಇನ್ನೊಂದು ಮ್ಯಾಂಡರಿನ್. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಇಂಟರ್‌ಫೇಸ್ ಅದೇ, ಒಳಗಿನ ಕೋಡ್ ಬೇರೆ. ಮೋಸವೇನಲ್ಲ, ಆ ಹಣ್ಣೂ ಚೆನ್ನಾಗಿಯೇ ಇರುತ್ತದೆ. ರುಚಿ ಮಾತ್ರ ಬೇರೆ. ಸಣ್ಣಕ್ಷರದಲ್ಲಿ ಏನಿದೆ ಓದಿ. ಬೇಸಿಗೆಯಲ್ಲಿ ಸಿಗುವುದು ಚಿಲಿ, ದಕ್ಷಿಣ ಆಫ್ರಿಕಾದಂಥ ದೇಶಗಳದ್ದು. ನನ್ನನ್ನು ಕೇಳಿದರೆ ಡಿಸೆಂಬರ್‌ನಲ್ಲಿ ಹೊಟ್ಟೆ ತುಂಬ ತಿಂದುಬಿಡುವುದೇ ಸರಿ.

ಆರಿಸುವಾಗ ಬಣ್ಣಕ್ಕೆ ಮರುಳಾಗಬೇಡಿ. ರಾತ್ರಿಯ ತಂಪು ಸಾಲದಿದ್ದರೆ ಸಿಹಿ ಹಣ್ಣಿನ ಸಿಪ್ಪೆಯೂ ಹಸಿರಾಗಿಯೇ ಇರಬಹುದು. ಕೈಗೆ ಭಾರವಾಗಿರಬೇಕು; ಸಿಪ್ಪೆ ಉಬ್ಬಿ ಟೊಳ್ಳಾಗಿದ್ದರೆ ಒಳಗೆ ರಸ ಕಡಿಮೆ. ಮಾವಿನಕಾಯಿಯಂತೆ ಇದು ಮನೆಯಲ್ಲಿಟ್ಟರೆ ಹಣ್ಣಾಗುವುದಿಲ್ಲ, ಹುಳಿ ಹಣ್ಣು ಸಿಹಿಯಾಗಲೆಂದು ಕಾಯಬೇಡಿ. ಒಂದು ಹಣ್ಣಿಗೆ ಸುಮಾರು 35 ಕ್ಯಾಲೊರಿ ಅಷ್ಟೇ.

ಸಿಪ್ಪೆ ಎಸೆಯಬೇಡಿ. ಕಿತ್ತಳೆ ಸಿಪ್ಪೆ ಗೊಜ್ಜು ಇದರಲ್ಲೂ ಆಗುತ್ತದೆ. ಅಂಗಡಿಯ ಹಣ್ಣಿಗೆ ಮೇಣ ಹಚ್ಚಿರುವುದರಿಂದ ಸುಲಿಯುವ ಮೊದಲೇ ಬಿಸಿನೀರಿನಲ್ಲಿ ಉಜ್ಜಿ ತೊಳೆಯಿರಿ. ಸಿಪ್ಪೆ ಸಣ್ಣಗೆ ಹೆಚ್ಚಿ, ಸಾಸಿವೆ, ಮೆಂತ್ಯ, ಇಂಗಿನ ಒಗ್ಗರಣೆಯಲ್ಲಿ ಬಾಡಿಸಿ. ಹುಣಸೆ ರಸ, ಸಾರಿನ ಪುಡಿ, ಉಪ್ಪು ಹಾಕಿ ಕುದಿಸಿ. ಬೆಲ್ಲ ಸ್ವಲ್ಪ ಧಾರಾಳವಾಗಿಯೇ ಇರಲಿ, ಕಹಿ ಹಿಡಿತಕ್ಕೆ ಬರುತ್ತದೆ. ಗಟ್ಟಿಯಾದ ಮೇಲೆ ಬಿಸಿ ಅನ್ನಕ್ಕೆ ಕಲಸಿಕೊಳ್ಳಿ.