ಗೆದ್ದ ಮೇಲೆ ನುಡಿದ ಮಾತು

ಬ್ಯಾಡ್ಮಿಂಟನ್ ಎಂದೊಡನೆ ಕನ್ನಡಿಗರಾದ ನಮಗೆ 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಗೆದ್ದು ತಂದ ಪ್ರಕಾಶ ಪಡುಕೋಣೆಯವರ ಹೆಸರು ನೆನಪಾಗುವುದು ಸಹಜ. ಅದೇ ಪಂದ್ಯಾವಳಿಯ ಮಹಿಳೆಯರ ಸಿಂಗಲ್ಸ್ ಪ್ರಶಸ್ತಿಯನ್ನು 2023ರಲ್ಲಿಯೂ 2025ರಲ್ಲಿಯೂ ಗೆದ್ದಾಕೆ ದಕ್ಷಿಣ ಕೊರಿಯದ ಆನ್ ಸೆ-ಯಂಗ್. ಆಕೆಯ ಆಟವನ್ನು ಕೊಂಡಾಡುವವರು ಬಹಳ ಮಂದಿ. ಆದರೆ ಗೆದ್ದ ಮೇಲೆ ಆಕೆ ಆಡಿದ ಮಾತೂ ದುಡಿದು ಉಣ್ಣುವವರ ಗಮನಕ್ಕೆ ಅರ್ಹವಾದುದೆಂದು ನಾವು ಭಾವಿಸುತ್ತೇವೆ.

2002ರಲ್ಲಿ ಹುಟ್ಟಿದ ಈ ಬಾಲಿಕೆ ರಾಷ್ಟ್ರೀಯ ತಂಡದ ಆಯ್ಕೆ ಪಂದ್ಯಗಳಲ್ಲಿ ಹಿರಿಯರನ್ನು ಸೋಲಿಸಿದಾಗ ಆಕೆಗೆ ವಯಸ್ಸು ಹದಿನೈದು. ಆದರೆ ಏಳಿಗೆಯ ದಾರಿ ಸುಗಮವಾಗಿರಲಿಲ್ಲ. 2018ರ ಏಷ್ಯನ್ ಕ್ರೀಡೆಗಳಲ್ಲಿ ತನ್ನ ಮೊದಲ ಸಿಂಗಲ್ಸ್ ಪಂದ್ಯದಲ್ಲಿಯೇ ಚೀನದ ಚೆನ್ ಯೂಫೆಯ ಎದುರು ಸೋತಳು. 2021ರಲ್ಲಿ ಟೋಕಿಯೋ ಒಲಿಂಪಿಕ್ಸಿನ ಕ್ವಾರ್ಟರ್ ಫೈನಲಿನಲ್ಲಿಯೂ ಅದೇ ಚೆನ್ ಅಡ್ಡ ನಿಂತಳು. ಎದೆಗುಂದದೆ ಆಕೆ ತನ್ನ ಆಟವನ್ನು ತಿದ್ದಿಕೊಂಡಳು. ಎದುರಾಳಿ ಎಲ್ಲಿಗೆ ಹೊಡೆದರೂ ಷಟಲನ್ನು ಹಿಂದಿರುಗಿಸುವುದು, ಆಕೆಯನ್ನು ಮೂಲೆಯಿಂದ ಮೂಲೆಗೆ ಓಡಿಸಿ ದಣಿಸುವುದು, ತಾಳ್ಮೆಗೆಟ್ಟ ಕ್ಷಣದಲ್ಲಿ ಅಂಕವನ್ನು ಕಸಿಯುವುದು: ಇದೇ ಆಕೆಯ ಯುದ್ಧತಂತ್ರ.

2023ರಲ್ಲಿ ಇದು ಫಲಿಸಿತು. ಜನವರಿಯಲ್ಲಿ ದಿಲ್ಲಿಯ ಇಂಡಿಯಾ ಓಪನ್ ಫೈನಲಿನಲ್ಲಿ ಮೊದಲ ಗೇಮನ್ನು ಕಳೆದುಕೊಂಡರೂ ಜಪಾನಿನ ಅಕಾನೆ ಯಮಗುಚಿಯನ್ನು ಮಣಿಸಿದಳು. ಆಗಸ್ಟಿನಲ್ಲಿ ಕೋಪನ್‌ಹೇಗನ್ನಿನಲ್ಲಿ ವಿಶ್ವ ಚಾಂಪಿಯನ್ ಆದಳು. ಸಿಂಗಲ್ಸಿನಲ್ಲಿ ಈ ಪದವಿ ಕೊರಿಯಕ್ಕೆ ದೊರೆತುದು ಅದೇ ಮೊದಲು.

ಅಕ್ಟೋಬರಿನಲ್ಲಿ ಹ್ಯಾಂಗ್‌ಜೌ ಏಷ್ಯನ್ ಕ್ರೀಡೆಗಳ ಫೈನಲು. ಎದುರಿಗೆ ಮತ್ತೆ ಚೆನ್. ಮೊದಲ ಗೇಮಿನ ಕೊನೆಗೆ ಆನಳ ಬಲ ಮಂಡಿಗೆ ಪೆಟ್ಟಾಯಿತು. ಆಟ ಬಿಟ್ಟರೂ ಸರಿಯೆಂದು ಪ್ರೇಕ್ಷಕರ ನಡುವಿನಿಂದ ತಾಯಿ ಕೂಗಿದಳೆಂದು ವರದಿಯಾಗಿದೆ. ಮಗಳು ಬಿಡಲಿಲ್ಲ; ಮಂಡಿಗೆ ಪಟ್ಟಿ ಸುತ್ತಿಕೊಂಡು ಆಡಿ 21-18, 17-21, 21-8ರಿಂದ ಗೆದ್ದಳು. ಆದರೆ ಗಾಯವು ಮೊದಲ ತಪಾಸಣೆಯಲ್ಲಿ ಹೇಳಿದ್ದಕ್ಕಿಂತ ಗಂಭೀರವಾಗಿತ್ತು. ಮುಂದಿನ ತಿಂಗಳುಗಳನ್ನೆಲ್ಲ ಆಕೆ ನೋವಿನೊಡನೆಯೇ ಕಳೆದಳು.

2024ರ ಆಗಸ್ಟ್ 5ರಂದು ಪ್ಯಾರಿಸಿನಲ್ಲಿ ಚೀನದ ಹೆ ಬಿಂಗ್‌ಜಿಯಾವೊಳನ್ನು 21-13, 21-16ರಿಂದ ಸೋಲಿಸಿ ಒಲಿಂಪಿಕ್ ಚಿನ್ನವನ್ನು ಪಡೆದಳು. 1996ರ ಅಟ್ಲಾಂಟದಲ್ಲಿ ಬಾಂಗ್ ಸೂ-ಹ್ಯುನ್ ಗೆದ್ದ ಬಳಿಕ ಮಹಿಳೆಯರ ಸಿಂಗಲ್ಸಿನಲ್ಲಿ ಕೊರಿಯಕ್ಕೆ ಬಂದ ಚಿನ್ನ ಅದು. ಇಂಥ ಘಳಿಗೆಯಲ್ಲಿ ಗೆದ್ದವರು ಎಲ್ಲರಿಗೂ ವಂದನೆ ಹೇಳಿ ಸುಮ್ಮನಾಗುವುದು ವಾಡಿಕೆ. ಆನ್ ಹಾಗೆ ಮಾಡಲಿಲ್ಲ. ತನ್ನ ಗಾಯವನ್ನು ರಾಷ್ಟ್ರೀಯ ತಂಡದವರು ಹಗುರವಾಗಿ ಕಂಡರೆಂದೂ, ಅದರಿಂದ ತಾನು ನಿರಾಶಳಾದೆನೆಂದೂ ಪತ್ರಕರ್ತರ ಮುಂದೆ ಹೇಳಿದಳು.

ಸಂಭ್ರಮದ ನಡುವೆ ಇದೇಕೆ ಎಂದವರುಂಟು. ಇತರ ಕ್ರೀಡಾಪಟುಗಳ ಸಾಧನೆಯನ್ನು ತನ್ನ ಮಾತು ಮರೆಮಾಡಿತೆಂದು ಆಕೆಯೇ ಕ್ಷಮೆ ಕೇಳಿದಳು. ದೂರನ್ನು ಮಾತ್ರ ಹಿಂತೆಗೆದುಕೊಳ್ಳಲಿಲ್ಲ. ಕೊರಿಯ ಸರಕಾರದ ಕ್ರೀಡಾ ಇಲಾಖೆ ವಿಚಾರಣೆ ನಡೆಸಿತು. ಸಂಘದ ಪ್ರಾಯೋಜಕರು ಕೊಟ್ಟ ರ‍್ಯಾಕೆಟ್ಟು, ಬೂಟುಗಳನ್ನೇ ಬಳಸಬೇಕೆಂಬ ಕಟ್ಟಳೆ ಬಯಲಿಗೆ ಬಂತು. ತಂಡದ ಕಿರಿಯರು ಹಿರಿಯರ ಬಟ್ಟೆ ಒಗೆಯುವ, ರ‍್ಯಾಕೆಟ್ಟಿನ ತಂತಿ ಸರಿಪಡಿಸುವ ಚಾಕರಿಯ ಸುದ್ದಿಯೂ ಪತ್ರಿಕೆಗಳಲ್ಲಿ ಬಂತು. 2025ರ ಜನವರಿಯಲ್ಲಿ ಹಿಂದಿನ ಒಲಿಂಪಿಕ್ ವಿಜೇತ ಕಿಮ್ ಡಾಂಗ್-ಮೂನ್ ಸಂಘದ ಅಧ್ಯಕ್ಷನಾಗಿ ಆಯ್ಕೆಯಾದನು.

ಮೇಲಿನವರನ್ನು ಎದುರು ಹಾಕಿಕೊಂಡ ಹುಡುಗಿಯ ಆಟ ಇನ್ನು ಕುಗ್ಗೀತೆಂದು ಶಂಕಿಸಿದವರಿಗೆ ಆಕೆ ಅಂಕಣದಲ್ಲಿಯೇ ಉತ್ತರವಿತ್ತಳು. 2025ರೊಂದರಲ್ಲಿಯೇ ಹನ್ನೊಂದು ಪ್ರಶಸ್ತಿಗಳನ್ನು ಗೆದ್ದು, 2019ರಲ್ಲಿ ಜಪಾನಿನ ಕೆಂಟೊ ಮೊಮೊಟಾ ಸ್ಥಾಪಿಸಿದ್ದ ದಾಖಲೆಯನ್ನು ಸರಿಗಟ್ಟಿದಳು.

ಗಾಯವನ್ನು ಮರೆಮಾಚಿ ಕೆಲಸಕ್ಕೆ ನಿಲ್ಲುವವರು ಎಲ್ಲ ಕಸುಬುಗಳಲ್ಲಿಯೂ ಇದ್ದಾರೆ. ಬಾಯಿಬಿಟ್ಟರೆ ಇರುವ ಜಾಗವೂ ಹೋದೀತೆಂಬ ಅಂಜಿಕೆ ಅವರದು. ಇಪ್ಪತ್ತೆರಡರ ಈ ತರುಣಿಗೆ ಮಾತಾಡುವ ಬಲವನ್ನು ಕೊಟ್ಟದ್ದು ಕೊರಳಲ್ಲಿದ್ದ ಚಿನ್ನ. ಪದಕವಿಲ್ಲದವನ ದೂರಿಗೂ ಕಿವಿಗೊಡುವವರು ಇರಬೇಕೆಂಬುದೇ ನಮ್ಮ ಹಾರೈಕೆ.