ಗೋಲಗುಮ್ಮಟದ ರಚನಾವಿಜ್ಞಾನ: ಅಡ್ಡಹಾಯುವ ಕಮಾನುಗಳ ಪಾತ್ರ

ವಿಜಯಪುರದ ಗೋಲಗುಮ್ಮಟವನ್ನು ಕುರಿತು ಬರೆದವರಲ್ಲಿ ಹಲವರು ಅದರ ಪ್ರತಿಧ್ವನಿಯನ್ನೇ ಕೊಂಡಾಡಿದ್ದಾರೆ. ಪಿಸುಗುಟ್ಟಿದ ಮಾತು ಎದುರುಬದಿಗೆ ಕೇಳಿಸುವುದು ಸೋಜಿಗವೇ ಸರಿ. ಆದರೆ ದುಂಡನೆಯ ಗೋಡೆಯ ಗುಂಟ ಧ್ವನಿ ಸಾಗುವುದರಿಂದ ಉಂಟಾಗುವ ಈ ಪರಿಣಾಮವು ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲಿನಲ್ಲಿಯೂ ಉಂಟು. ಬಿಜಾಪುರದ ವಾಸ್ತುಶಿಲ್ಪಿಗಳ ನಿಜವಾದ ಸಾಧನೆಯನ್ನು ಅರಿಯಬೇಕಾದರೆ ಪಿಸುಮಾತಿನ ಮೊಗಸಾಲೆಯಿಂದ ಕೆಳಗಿಳಿದು, ಅದನ್ನು ಹೊತ್ತ ಕಮಾನುಗಳತ್ತ ದೃಷ್ಟಿ ಹರಿಸಬೇಕು.

ಮುಹಮ್ಮದ್ ಆದಿಲ್ ಶಾಹನ (ಆಳ್ವಿಕೆ 1627–1656) ಈ ಸಮಾಧಿಮಂದಿರದ ಒಳಾಂಗಣವು ಚೌಕಾಕಾರದ್ದು. ಅದರ ಒಂದೊಂದು ಬದಿ ಸುಮಾರು 41 ಮೀಟರ್ ಉದ್ದ. ನಡುವೆ ಒಂದು ಕಂಬವೂ ಇಲ್ಲ. ಮೇಲಿನ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಚೌಕದ ಮೇಲೆ ವೃತ್ತವನ್ನು ಕೂರಿಸುವುದು ಇಲ್ಲಿನ ಮೊದಲ ತೊಡಕು. ಎರಡನೆಯದು ಇನ್ನೂ ಕಠಿಣ: ಗುಮ್ಮಟವು ತನ್ನ ಭಾರದಿಂದಲೇ ಬುಡದಲ್ಲಿ ಅಗಲವಾಗಲು ಹವಣಿಸುತ್ತದೆ, ಆಧಾರದ ಗೋಡೆಗಳನ್ನು ಹೊರಕ್ಕೆ ನೂಕುತ್ತದೆ.

ಎರಡು ಚೌಕಗಳನ್ನು ಒಂದರ ಮೇಲೊಂದಿರಿಸಿ, ಒಂದನ್ನು 45 ಡಿಗ್ರಿ ತಿರುಗಿಸಿದರೆ ಎಂಟು ಮೂಲೆಯ ನಕ್ಷತ್ರವೊಂದು ಮೂಡುತ್ತದೆ. ಈ ರೇಖೆಗಳ ಮೇಲೆಯೇ ಎಂಟು ಕಮಾನುಗಳು ಎದ್ದು ಒಂದನ್ನೊಂದು ಅಡ್ಡಹಾಯುತ್ತವೆ. ಅವುಗಳ ನಡುವಣ ಬಾಗಿದ ಭಾಗಗಳು, ಅಂದರೆ ಪೆಂಡೆಂಟಿವ್‌ಗಳು, ಮೇಲೇರಿದಂತೆ ಒಳಕ್ಕೆ ಚಾಚುತ್ತ ಕೊನೆಗೆ ಸುಮಾರು 30 ಮೀಟರ್ ವ್ಯಾಸದ ತೆರಪನ್ನಷ್ಟೇ ಉಳಿಸುತ್ತವೆ. ಗುಮ್ಮಟವು ಈ ತೆರಪಿನ ಅಂಚಿನಲ್ಲಿ ನಿಂತಿಲ್ಲ, ಹಿಂದಕ್ಕೆ ಸರಿದು ನಿಂತಿದೆ. ಹಾಗೆ ಉಳಿದ ಸ್ಥಳವೇ ಮೊಗಸಾಲೆ! ಒಳಕ್ಕೆ ವಾಲಿದ ಪೆಂಡೆಂಟಿವ್‌ಗಳ ತೂಕವು ಗುಮ್ಮಟದ ಹೊರನೂಕನ್ನು ಎದುರಿಸುತ್ತದೆಂಬುದನ್ನು ಜೇಮ್ಸ್ ಫರ್ಗ್ಯುಸನ್ 19ನೆಯ ಶತಮಾನದಲ್ಲಿಯೇ ಗುರುತಿಸಿದ್ದರು. ಇದು ಒಮ್ಮೆಲೇ ಹೊಳೆದ ಉಪಾಯವಲ್ಲ. ಇದೇ ನಗರದಲ್ಲಿ ಮೊದಲೇ ನಿರ್ಮಾಣಗೊಂಡ ಜಾಮಿ ಮಸೀದಿಯ ಗುಮ್ಮಟವೂ ಇಂತಹ ಕಮಾನುಗಳ ಮೇಲೆಯೇ ನಿಂತಿದೆ, ಗಾತ್ರ ಮಾತ್ರ ಕಿರಿದು.

ಗುಮ್ಮಟದ ಕವಚವು ಇಟ್ಟಿಗೆಯದು. ಅಡ್ಡಸಾಲುಗಳ ನಡುವೆ ಸುಣ್ಣದ ಗಾರೆಯನ್ನು ದಪ್ಪವಾಗಿ ತುಂಬಿರುವುದರಿಂದ ಅದು ಬಹುಮಟ್ಟಿಗೆ ಒಂದೇ ಗಟ್ಟಿಯಂತೆ ವರ್ತಿಸುತ್ತದೆಂದು ಹೆನ್ರಿ ಕಸಿನ್ಸ್ ಅವರ ಅಭಿಪ್ರಾಯ. ಅರಳಿದ ಸುಣ್ಣವು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ, ನಿಧಾನವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿಗೊಳ್ಳುತ್ತದೆ. ಆದರೂ ತೇವವನ್ನು ಹೊರಬಿಡುವ ಗುಣವನ್ನು ಉಳಿಸಿಕೊಳ್ಳುತ್ತದೆ. ದುರಸ್ತಿಗೆ ಕೈಹಾಕುವವರು ಮರೆಯಬಾರದ ಅಂಶವಿದು. ಇಂತಹ ಹಳೆಯ ಕಟ್ಟಡದ ಬಿರುಕಿಗೆ ಸಿಮೆಂಟು ಮೆತ್ತಿದರೆ ತೇವವು ಒಳಗೇ ಸಿಲುಕುತ್ತದೆ. ಗಡುಸಾದ ತೇಪೆಯ ಪಕ್ಕದ ಮೆತ್ತನೆಯ ಇಟ್ಟಿಗೆಯೇ ಮೊದಲು ಉದುರತೊಡಗುತ್ತದೆ.